ನಮ್ಮ ಅಂಗಡಿಯ ಚಹಾ ಯಾರು ಕುಡಿಯುತ್ತಾರೆ?

ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಹೆಸರು ಬೇಡ, ನಮ್ಮವರು ಅಲ್ಲಿ ಇನ್ನೂ ಬದುಕಬೇಕು. ಕೇರಿಯ ಹುಡುಗನೊಬ್ಬ ಬಿ.ಎ. ಮುಗಿಸಿದ. ಎರಡು ವರ್ಷ ಬೆಂಗಳೂರಿನಲ್ಲಿ ಸಿಮೆಂಟು ಹೊತ್ತ. ಇನ್ನು ಗುಳೆ ಹೋಗುವುದಿಲ್ಲ ಎಂದು ತೀರ್ಮಾನಿಸಿ ಊರಿಗೆ ಬಂದ. ಬಸ್ಸು ನಿಲ್ಲುವ ಜಾಗದಲ್ಲಿ ಚಹಾ, ಮಿರ್ಚಿ, ಮಂಡಕ್ಕಿಯ ಅಂಗಡಿ ಇಡಬೇಕು, ಇಷ್ಟೇ ಅವನ ಆಸೆ. ಅವನ ಅವ್ವ ಮಾಡುವ ಮಿರ್ಚಿ ಕೇರಿಯಲ್ಲೆಲ್ಲ ಹೆಸರಾದದ್ದು. ಒಂದು ಸಂಜೆ ನಮ್ಮ ಹತ್ತಿರ ಬಂದು ಕೇಳಿದ: "ಯಣ್ಣಾ, ಅಂಗಡಿ ರಿಜಿಸ್ಟರ್ ಮಾಡ್ಸೂದು ಹ್ಯಾಂಗ?"

ನಾವು ಅವನ ಜೊತೆ ಓಡಾಡಿದೆವು. ಪಂಚಾಯತಿ, ಬ್ಯಾಂಕು, ಝೆರಾಕ್ಸ್ ಅಂಗಡಿ, ಬಾಡಿಗೆ ಮಳಿಗೆ ಇಟ್ಟುಕೊಂಡವರ ಮನೆ ಕಟ್ಟೆ, ಎಲ್ಲ ಕಡೆ ತಿರುಗಿದೆವು. ಆ ತಿರುಗಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಓದುವವರಲ್ಲಿ ಮಾಸ್ತರುಗಳಿದ್ದೀರಿ, ಹಾಸ್ಟೆಲ್ಲಿನ ಹುಡುಗ ಹುಡುಗಿಯರಿದ್ದೀರಿ, ಸಂಘಟನೆಯ ಗೆಳೆಯರಿದ್ದೀರಿ. ನಾಳೆ ನಿಮ್ಮ ಹತ್ತಿರವೂ ಒಬ್ಬ ಹುಡುಗ ಇದೇ ಪ್ರಶ್ನೆ ಹಿಡಿದು ಬಂದಾನು.

ಮೊದಲು ಕಾಗದದ ಮಾತು. ಸರಕಾರದ ಕಾಗದ ಎಂದರೆ ನಮ್ಮ ಜನಕ್ಕೆ ಅಂಜಿಕೆ. ನಮ್ಮ ಅಜ್ಜಂದಿರ ಹೆಬ್ಬೆಟ್ಟು ಬಿದ್ದ ಕಾಗದಗಳೆಲ್ಲ ಹೊಲ ಹೋದ ಕಾಗದಗಳು, ಜೀತಕ್ಕೆ ಬಿದ್ದ ಕಾಗದಗಳು. ಈ ಅಂಜಿಕೆಯ ಮೇಲೆ ಒಂದು ದೊಡ್ಡ ದಲ್ಲಾಳಿ ವರ್ಗ ಹೊಟ್ಟೆ ಹೊರೆಯುತ್ತಿದೆ. ನಿಜ ಏನೆಂದರೆ ಕಾಗದ ಅಷ್ಟು ಕಷ್ಟವಿಲ್ಲ. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಆಧಾರ್, ಪ್ಯಾನ್ ಇದ್ದರೆ ಆಯಿತು, ನಮ್ಮ ಹೇಳಿಕೆಯೇ ಸಾಕು, ಒಂದು ಪೈಸೆ ಶುಲ್ಕವಿಲ್ಲ. ಆದರೂ ಸಂತೆಯ ದಿನ ಒಬ್ಬ ಏಜೆಂಟ ನಮ್ಮ ಹುಡುಗನಿಗೆ ಐನೂರು ರೂಪಾಯಿ ಕೇಳಿದ. ಪುಕ್ಕಟೆ ಸಿಗುವುದಕ್ಕೆ ಐನೂರು! ತಿನ್ನುವ ಪದಾರ್ಥ ಮಾರುವವರು 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಹೆಸರು ಬರೆಸಬೇಕು. 2011ರ ನಿಯಮ ಸಣ್ಣ ವ್ಯಾಪಾರಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಹಳ್ಳಿಯಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮ ಪಂಚಾಯತಿಯ ಪರವಾನಗಿ, ಯಲಬುರ್ಗಾದಂಥ ಪೇಟೆಯಾದರೆ ಪಟ್ಟಣ ಪಂಚಾಯತಿಯ ಪರವಾನಗಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯವಾಗುವ ಊರಿನಲ್ಲಿ ಬಾಗಿಲು ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ಜಿ.ಎಸ್.ಟಿ. ಎಂದರೆ ಹೆದರಬೇಡಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯ ಲೆಕ್ಕದವರಿಗೆ 20 ಲಕ್ಷ ವಹಿವಾಟು ದಾಟುವವರೆಗೆ ಅದು ಬೇಕಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಬೇಕರಿ, ಚಹಾ, ತರಕಾರಿ ಅಂಗಡಿಗಳಿಗೆ ನೋಟೀಸು ಕೊಟ್ಟಿತು. ಅಂಗಡಿಯವರು ಬೀದಿಗೆ ಬಂದರು, ಸರಕಾರ ಹಿಂದೆ ಸರಿಯಿತು. ಸಣ್ಣವರು ಒಟ್ಟಾದರೆ ನೋಟೀಸೂ ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಇದರಿಂದ ಕಲಿಯಬೇಕು.

ಹೀಗೆ ಫಾರ್ಮು ತುಂಬುತ್ತ ಹೋದೆವು. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು. ಪೆನ್ನು ಸರಾಗ ಓಡಿತು. 'ವ್ಯಾಪಾರದ ಸ್ಥಳ' ಎಂಬ ಕಾಲಂ ಬಂತು. ಅಲ್ಲಿ ನಿಂತಿತು.

ಬಸ್ಸು ನಿಲ್ಲುವ ಜಾಗದ ಮಳಿಗೆಗಳು ಯಾರವು? ಗೌಡರವು, ಸಾಹುಕಾರರವು. ಖಾಲಿ ಇದ್ದದ್ದು ಮೂರು. ಮೂವರ ಮನೆಗೂ ಹೋದೆವು. ಯಾರೂ ಬಯ್ಯಲಿಲ್ಲ, ಯಾರೂ ಜಾತಿ ಎತ್ತಲಿಲ್ಲ. ಈಗ ಕಾಲ ಬದಲಾಗಿದೆ ನೋಡಿ, ಬಾಯಿ ಬಹಳ ಮೆತ್ತಗಾಗಿದೆ. ಒಬ್ಬರು "ಮಗ ಬರ್ತಾನ, ಅವನ್ನ ಕೇಳಿ ಹೇಳ್ತೀನಿ" ಅಂದರು. ಆ ಮಗ ಇನ್ನೂ ಬಂದಿಲ್ಲ. ಇನ್ನೊಬ್ಬರು "ನಮಗೇನಿಲ್ಲಪಾ, ಆದ್ರ ಬಾಜೂ ಅಂಗಡ್ಯಾವ್ರು ಏನಂತಾರೋ" ಅಂದರು. ಮೂರನೆಯವರೇ ಪ್ರಾಮಾಣಿಕರು. "ತಮ್ಮಾ, ಮೊಬೈಲ್ ರಿಪೇರಿ ಇಡು, ಇವತ್ತ ಕೀಲಿ ಕೊಡ್ತೀನಿ. ತಿನ್ನೂದು ಕುಡಿಯೂದು ಮಾತ್ರ ಬ್ಯಾಡ."

ಗೆಳೆಯರೇ, ಈ ಮಾತನ್ನು ಇನ್ನೊಮ್ಮೆ ಓದಿ. ಅಸ್ಪೃಶ್ಯತೆ ಎಲ್ಲಿದೆ ಎಂದು ಕೇಳುವವರಿಗೆ ಇದು ಉತ್ತರ. ನಾವು ಮುಟ್ಟಿದ ಮೊಬೈಲು ನಡೆಯುತ್ತದೆ. ನಾವು ಕಟ್ಟಿದ ಗೋಡೆ ನಡೆಯುತ್ತದೆ. ನಾವು ಕೊಯ್ದು ರಾಶಿ ಮಾಡಿದ ಜೋಳ ನಡೆಯುತ್ತದೆ. ಅದೇ ಜೋಳ ಹಿಟ್ಟಾಗಿ, ನಮ್ಮ ತಾಯಿಯ ಕೈಯಲ್ಲಿ ರೊಟ್ಟಿಯಾದರೆ ನಡೆಯುವುದಿಲ್ಲ. ಹೊಲದಿಂದ ಕಣದವರೆಗೆ ಮೈಲಿಗೆಯಿಲ್ಲ, ಒಲೆಯ ಹತ್ತಿರ ಬಂದಾಗ ಮೈಲಿಗೆ! ಇದು ಯಾವ ದೇವರು ಬರೆದ ಶಾಸ್ತ್ರವೋ ನಮಗೆ ಗೊತ್ತಿಲ್ಲ. ಆದರೆ ಇದರಿಂದ ಯಾರಿಗೆ ಲಾಭ ಎಂಬುದು ಗೊತ್ತು. ನಮ್ಮ ದುಡಿಮೆ ಅಗ್ಗಕ್ಕೆ ಬೇಕು, ನಾವು ಗಲ್ಲಾ ಪೆಟ್ಟಿಗೆಯ ಹಿಂದೆ ಕೂಡಬಾರದು.

ನಮ್ಮ ಕಡೆಯ ಪೇಟೆಗಳಲ್ಲಿ ಬೋರ್ಡು ಓದುತ್ತ ಒಮ್ಮೆ ನಡೆಯಿರಿ. 'ಲಿಂಗಾಯತ ಖಾನಾವಳಿ' ಎಂಬ ಬೋರ್ಡು ಕಾಣುತ್ತದೆ. 'ಬ್ರಾಹ್ಮಣರ ಫಲಾಹಾರ ಮಂದಿರ' ಎಂಬ ಹಳೆಯ ಬೋರ್ಡೂ ಅಲ್ಲಲ್ಲಿ ಉಳಿದಿದೆ. 'ಸಾವಜಿ' ಎಂಬ ಬೋರ್ಡು ಕಂಡರೆ ಬಾಯಲ್ಲಿ ನೀರು ಬರುತ್ತದೆ. ಜಾತಿಯ ಹೆಸರು ಅಲ್ಲಿ ರುಚಿಯ ಹೆಸರು, ಶುಚಿಯ ಹೆಸರು, ವ್ಯಾಪಾರದ ಬಂಡವಾಳ. 'ಮಾದಿಗರ ಖಾನಾವಳಿ', 'ಹೊಲೆಯರ ಚಹಾದಂಗಡಿ' ಎಂಬ ಬೋರ್ಡನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾವಂತೂ ಕಂಡಿಲ್ಲ. ಅವರಿಗೆ ಬಂಡವಾಳವಾಗುವ ಅದೇ ಜಾತಿ ನಮಗೆ ಸಾಲವಾಗಿ ಬಂದಿದೆ. ಎಷ್ಟು ತಲೆಮಾರು ತೀರಿಸಿದರೂ ಅಸಲು ಹಾಗೇ ಇದೆ.

ಇದೇನು ಹೊಸದಲ್ಲ. ಬಾಬಾಸಾಹೇಬರು 1917ರಲ್ಲಿ ಬರೋಡಾದಲ್ಲಿ ಬಾಡಿಗೆ ಕೋಣೆ ಸಿಗದೆ ಮುಂಬಯಿಗೆ ಮರಳಿದರು. ಅಮೇರಿಕ, ಇಂಗ್ಲೆಂಡು ಕಂಡುಬಂದ ಅರ್ಥಶಾಸ್ತ್ರಜ್ಞ. ಹೊಟ್ಟೆಪಾಡಿಗೆ ಶೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಒಂದು ಸಣ್ಣ ವ್ಯವಹಾರ ಇಟ್ಟರು. ಸಲಹೆಗಾರ ಯಾವ ಜಾತಿಯವನು ಎಂದು ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು, ಬಾಗಿಲು ಹಾಕಬೇಕಾಯಿತು. ಅವರು ಮಾರುತ್ತಿದ್ದದ್ದು ಚಹಾ ಅಲ್ಲ, ಬರೀ ಬುದ್ಧಿ. ಬುದ್ಧಿಗೂ ಮೈಲಿಗೆ ಹತ್ತಿತು! ಅಂಬೇಡ್ಕರರ ಅಂಗಡಿಯೇ ನಡೆಯದ ದೇಶದಲ್ಲಿ ನಮ್ಮ ಹುಡುಗನ ಅಂಗಡಿ ನಡೆಯದಿದ್ದರೆ 'ಅವನಿಗೆ ವ್ಯಾಪಾರದ ಬುದ್ಧಿ ಇಲ್ಲ' ಎಂದು ಯಾರೂ ಹೇಳಬಾರದು.

ನೂರು ವರ್ಷದ ಹಿಂದಿನ ಕಥೆ ಬಿಡಿ ಎನ್ನುತ್ತೀರಾ? ನಮ್ಮ ಜಿಲ್ಲೆಯದನ್ನೇ ಹೇಳುತ್ತೇವೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹೋಟೆಲಿಗೆ, ಕ್ಷೌರದಂಗಡಿಗೆ ನಮ್ಮವರನ್ನು ಬಿಡುವುದಿಲ್ಲ ಎಂಬ ಜಗಳ ಆ ಬೆಂಕಿಯ ಹಿಂದಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಅದೇ 2024ರ ಆಗಸ್ಟ್‌ನಲ್ಲಿ ನಮ್ಮ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕ್ಷೌರ ಮಾಡುವ ವಿಷಯಕ್ಕೆ ಜಗಳವಾಗಿ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಸತ್ತ. ಅಂಗಡಿಯವನನ್ನು ಪೊಲೀಸರು ಹಿಡಿದರು. ತಪ್ಪು ಒಪ್ಪು ನ್ಯಾಯಾಲಯ ನೋಡಲಿ. ನಮ್ಮ ಪ್ರಶ್ನೆ ಬೇರೆ. ಎಷ್ಟೋ ಹಳ್ಳಿಗಳಲ್ಲಿ ಕ್ಷೌರಿಕನೂ ಬಡವನೇ. ಕೇರಿಯವರಿಗೆ ಕತ್ತರಿ ಹಿಡಿದರೆ ಊರವರು ಬರುವುದಿಲ್ಲ ಎಂಬ ಅಂಜಿಕೆ ಅವನದು. ಅವನ ಅಂಗಡಿಯ ಬಾಗಿಲು ಅವನ ಕೈಯಲ್ಲಿಲ್ಲ. ಕತ್ತರಿ ಅವನದಾದರೂ ಬಹಿಷ್ಕಾರದ ದಾರ ಬೇರೆಯವರ ಕೈಯಲ್ಲಿದೆ. ಆ ದಾರ ಹಿಡಿದವರು ಯಾವ ಎಫ್.ಐ.ಆರ್.ನಲ್ಲೂ ಬರುವುದಿಲ್ಲ, ಜಾತ್ರೆ ಕಮಿಟಿಯಲ್ಲಿ ಮುಂದಿನ ಸಾಲಿನಲ್ಲಿ ಬರುತ್ತಾರೆ.

ದಕ್ಷಿಣದ ಕಡೆಯವರು ನಗಬೇಡಿ. ಚಾಮರಾಜನಗರದ ಹೊಮ್ಮ ಗ್ರಾಮದ ಸರಕಾರಿ ಶಾಲೆಯಲ್ಲಿ ಬಿಸಿಯೂಟಕ್ಕೆ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಮಕ್ಕಳ ಟಿ.ಸಿ. ತೆಗೆಸಿಕೊಂಡು ಹೋದರೆಂದು 2025ರ ಜೂನ್‌ನಲ್ಲಿ ಪತ್ರಿಕೆಗಳು ಬರೆದವು. ಅಧಿಕಾರಿಗಳು ಕಲಿಕೆ ಸರಿಯಿಲ್ಲದ್ದೇ ಕಾರಣ ಎಂದರು. ಇರಲಿ. ಪುಕ್ಕಟೆ ಕೊಡುವ ಅನ್ನಕ್ಕೇ ಈ ಗತಿ ಎಂದ ಮೇಲೆ ರೊಕ್ಕ ಕೊಟ್ಟು ಕೊಳ್ಳುವ ಚಹಾದ ಗತಿಯೇನು?

ಇನ್ನು ಸರಕಾರದ ಕಡೆ ನೋಡೋಣ. ಯೋಜನೆಗಳಿಗೆ ಬರವಿಲ್ಲ. ನಮ್ಮ ತಾಲೂಕಿಗೆ ಮಳೆಯ ಬರ ಇದ್ದೀತು, ಯೋಜನೆಯ ಬರ ಇಲ್ಲ. ಪರಿಶಿಷ್ಟರ ಅಭಿವೃದ್ಧಿ ನಿಗಮ 1975ರಲ್ಲೇ ಹುಟ್ಟಿತು, ಈಗ ಅದಕ್ಕೆ ಅಂಬೇಡ್ಕರರ ಹೆಸರಿದೆ. 2015ರಲ್ಲಿ ಮುದ್ರಾ ಬಂತು, 50 ಸಾವಿರದವರೆಗೆ ಶಿಶು ಸಾಲ, ಅಡಮಾನ ಬೇಡ. 2016ರಲ್ಲಿ ಸ್ಟ್ಯಾಂಡಪ್ ಇಂಡಿಯಾ ಬಂತು, ಪ್ರತಿ ಬ್ಯಾಂಕು ಶಾಖೆ ಒಬ್ಬ ಪರಿಶಿಷ್ಟನಿಗೆ ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ಸಾಲ ಕೊಡಬೇಕು ಎಂದರು. ನಮ್ಮ ಹುಡುಗನಿಗೆ ಬೇಕಾದದ್ದು ನಲವತ್ತು ಸಾವಿರ. ಒಂದು ಬಂಡಿ, ಒಂದು ಸಿಲಿಂಡರು, ಒಂದು ಬಾಣಲೆ, ನಾಕು ಬೆಂಚು. ಕೋಟಿಯ ಯೋಜನೆಗೆ ಅವನು ತೀರ ಸಣ್ಣವನು. ಸಣ್ಣ ಸಾಲ ಕೇಳಿ ಒಂದು ಬ್ಯಾಂಕಿಗೆ ಹೋದರೆ "ಜಾಮೀನಿಗೆ ನೌಕರಿ ಇದ್ದವರನ್ನ ಕರ್ಕೊಂಡು ಬಾ" ಅಂದರು. ಅಡಮಾನ ಬೇಡವೆಂದು ಗೋಡೆಯ ಮೇಲೆ ಬರೆದಿದೆಯಲ್ಲ ಎಂದು ತೋರಿಸಿದೆವು. "ಅದು ಗೋಡೆ ಮ್ಯಾಲೆ" ಅಂದರು.

ನಿಗಮದ ಸ್ವಯಂ ಉದ್ಯೋಗದ ಸಾಲಕ್ಕೆ ಆಯ್ಕೆ ಸಮಿತಿ ಇದೆ, ಅದಕ್ಕೆ ಶಾಸಕರೇ ಅಧ್ಯಕ್ಷರು. ಅಂದರೆ ಅಂಗಡಿ ಇಡಲು ವ್ಯಾಪಾರ ಗೊತ್ತಿದ್ದರೆ ಸಾಲದು, ಬ್ಯಾನರು ಕಟ್ಟಲೂ ಗೊತ್ತಿರಬೇಕು. 2013ರಲ್ಲಿ ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ಇಡಬೇಕೆಂದು ರಾಜ್ಯದಲ್ಲಿ ಕಾಯ್ದೆ ಬಂತು. ಸಂತೋಷಪಟ್ಟೆವು. ಅದರ 7ಡಿ ಎಂಬ ಕಿಂಡಿಯಿಂದ ಹಣ ಬೇರೆ ಕಡೆ ಹರಿಯಿತು. 2023ರಲ್ಲಿ ಆ ಕಿಂಡಿ ಮುಚ್ಚಿದರು. ಆದರೂ ಆ ಹಣವನ್ನು ಎಲ್ಲರಿಗೂ ಕೊಡುವ ಗ್ಯಾರಂಟಿಗಳ ಲೆಕ್ಕಕ್ಕೆ ಬರೆಯುವುದು ನಿಂತಿಲ್ಲ. ಬಸ್ಸಿನಲ್ಲಿ ಪುಕ್ಕಟೆ ಹೋಗುವ ನಮ್ಮ ತಾಯಂದಿರ ಬಗ್ಗೆ ನಮ್ಮ ತಕರಾರಿಲ್ಲ. ಅಂಗಡಿ ಇಡಬೇಕಾದ ಮಗನ ಪಾಲನ್ನು ತಾಯಿಯ ಟಿಕೇಟಿಗೆ ಕತ್ತರಿಸಬೇಡಿ ಎಂಬುದು ನಮ್ಮ ತಕರಾರು.

ದೊಡ್ಡವರಿಗೆ ಹೇಗೆ ನಡೆಯುತ್ತದೆ ಗೊತ್ತೇ? ಕಾರ್ಖಾನೆ ಇಡುವವರಿಗೆ 2002ರಿಂದ ಏಕಗವಾಕ್ಷಿಯ ಕಾಯ್ದೆ ಇದೆ. 2020ರಲ್ಲಿ ತಿದ್ದಿ, ಒಂದು ಪ್ರಮಾಣಪತ್ರ ಬರೆದುಕೊಟ್ಟು ಕೆಲಸ ಸುರು ಮಾಡಿ, ಉಳಿದ ಅನುಮತಿ ಮೂರು ವರ್ಷದೊಳಗೆ ತನ್ನಿ ಎಂದರು. ಅವರಿಗೆ ಹೊಲವನ್ನು ಸರಕಾರವೇ ಹಿಡಿದುಕೊಡುತ್ತದೆ. ನಮ್ಮ ಹುಡುಗನಿಗೆ ಬಸ್ ನಿಲ್ದಾಣದ ಹತ್ತಿರ ಆರಡಿ ನೆಲ ಕೊಡಲಿಕ್ಕೆ ಯಾವ ಗವಾಕ್ಷಿಯೂ ತೆರೆಯಲಿಲ್ಲ.

ಸ್ವಂತ ಮನೆಯಲ್ಲೇ ಅಂಗಡಿ ಇಡು ಎಂದು ಕೆಲವರು ಬುದ್ಧಿ ಹೇಳಿದರು. ಕೇರಿಯ ಮನೆಗೆ ಪಂಚಾಯತಿಯಲ್ಲಿ ನಮೂನೆ 9, ನಮೂನೆ 11 ತೆಗೆಸಬೇಕು. ಮನೆ ಸತ್ತ ಅಜ್ಜನ ಹೆಸರಿನಲ್ಲಿದೆ, ಅಥವಾ ಯಾರ ಹೆಸರಿನಲ್ಲೂ ಇಲ್ಲ. ಅದೂ ಆಯಿತೆನ್ನಿ. ಕೇರಿಯೊಳಗೆ ಬಂದು ಊರಿನವರು ಯಾರು ಚಹಾ ಕುಡಿಯುತ್ತಾರೆ? ನಮ್ಮ ರೊಕ್ಕ ನಮ್ಮ ಓಣಿಯಲ್ಲೇ ಸುತ್ತುವುದಕ್ಕೆ ವ್ಯಾಪಾರ ಎನ್ನುವುದಿಲ್ಲ. ಕೇರಿಯ ಹುಡುಗ ಊರಿನ ನಡುವೆ ಗಲ್ಲಾದ ಮೇಲೆ ಕೂಡಬೇಕು. ಅದೇ ಪ್ರಶ್ನೆ.

ಈಗ ಅಂಕಿ ಕೇಳಿ. 2001ರ ಜನಗಣತಿಯಲ್ಲಿ ದೇಶದಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 16.2. 2005ರ ಆರ್ಥಿಕ ಗಣತಿಯಲ್ಲಿ ಅವರ ಒಡೆತನದ ಉದ್ದಿಮೆಗಳು ಶೇಕಡಾ 9.8. ಆ ಕೊರತೆಯಲ್ಲಿ ಎಷ್ಟೋ ಹುಡುಗರ ತೆರೆಯದ ಅಂಗಡಿಗಳಿವೆ.

ನಮ್ಮ ಕೆಲವು ಗೆಳೆಯರು ಕೇಳುತ್ತಾರೆ: "ಭೂಮಿಯ ಹೋರಾಟ ಬಿಟ್ಟು ಮಿರ್ಚಿ ಅಂಗಡಿಯ ಹೋರಾಟವೇ? ಇದು ಸಣ್ಣ ಬಂಡವಾಳಶಾಹಿ ಅಲ್ಲವೇ?" ಇನ್ನು ಕೆಲವರು ಸೂಟು ಹಾಕಿಕೊಂಡು ಬಂದು "ಸಾಲ ಬೇಡುವವರಾಗಬೇಡಿ, ನೌಕರಿ ಕೊಡುವವರಾಗಿ" ಎಂದು ಭಾಷಣ ಮಾಡುತ್ತಾರೆ. ಇಬ್ಬರಿಗೂ ನಮ್ಮ ಉತ್ತರ ಒಂದೇ. ನಾಲ್ಕು ಜನ ದಲಿತ ಕೋಟ್ಯಧೀಶರಾದರೆ ಹಳ್ಳಿಯ ಹೋಟೆಲಿನ ಬೇರೆ ಲೋಟ ಒಡೆಯುವುದಿಲ್ಲ. ಹಾಗೆಯೇ ಭೂಮಿ ಬಂದ ಮೇಲೆ ಚಹಾ ನೋಡೋಣ ಎಂದು ಕೂತರೆ ನಮ್ಮ ಹುಡುಗ ಮತ್ತೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. 1927ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರು ಹೋದದ್ದು ಬಾಯಾರಿಕೆ ನೀಗಲಿಕ್ಕೆ ಮಾತ್ರವೇ? ಎಲ್ಲರೂ ಮುಟ್ಟುವ ನೀರನ್ನು ನಾವೂ ಮುಟ್ಟುತ್ತೇವೆ ಎಂದು ಸಾರಲಿಕ್ಕೆ. ಇವತ್ತು ಹಳ್ಳಿಯ ಜನ ಕೂಡುವ ಜಾಗ ಕೆರೆಯಲ್ಲ, ಚಹಾದಂಗಡಿ. ಅಲ್ಲಿ ಪೇಪರು ಓದುತ್ತಾರೆ, ರಾಜಕೀಯ ಮಾತಾಡುತ್ತಾರೆ, ಓಟು ಯಾರಿಗೆಂದು ತೀರ್ಮಾನಿಸುತ್ತಾರೆ. ಆ ಜಾಗದ ಒಡೆತನದಲ್ಲಿ ನಮಗೆ ಪಾಲು ಬೇಕು. ಕುಡಿಯುವ ಹಕ್ಕಿನ ಜೊತೆಗೆ ಕುಡಿಸುವ ಹಕ್ಕೂ ಬೇಕು.

ಕಾನೂನು ನಮ್ಮ ಕಡೆ ಇದೆ, ಅದನ್ನು ಓದಿ. ಸಂವಿಧಾನದ 15(2) ನಮ್ಮನ್ನು ಗಿರಾಕಿಯಾಗಿ ಎಲ್ಲ ಅಂಗಡಿಯೊಳಗೆ ಬಿಟ್ಟಿತು. 19(1)(ಜಿ) ಯಾವುದೇ ವ್ಯಾಪಾರ ಮಾಡುವ ಹಕ್ಕು ಕೊಟ್ಟಿತು. 1955ರ ನಾಗರಿಕ ಹಕ್ಕು ರಕ್ಷಣೆ ಕಾಯ್ದೆಯಲ್ಲಿ ಬಹಿಷ್ಕಾರ ಎಂಬ ಮಾತಿಗೆ ಬಾಡಿಗೆ ಕೊಡದಿರುವುದು, ವ್ಯವಹಾರ ಮಾಡದಿರುವುದು ಕೂಡ ಸೇರುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ನಮ್ಮನ್ನು ವ್ಯಾಪಾರ ಮಾಡದಂತೆ ತಡೆಯುವುದನ್ನೂ, ಸಾಮಾಜಿಕ ಆರ್ಥಿಕ ಬಹಿಷ್ಕಾರ ಹಾಕುವುದನ್ನೂ ಅಪರಾಧ ಎಂದಿತು. ಆದರೆ ಒಬ್ಬ ಮನುಷ್ಯ ಸುಮ್ಮನೆ ಬೇರೆ ಅಂಗಡಿಗೆ ಹೋದರೆ ಯಾವ ಕಾನೂನು ಹಿಡಿಯುತ್ತದೆ? ಹಿಡಿಯಬಾರದು ಕೂಡ. ಅಲ್ಲಿಂದ ಮುಂದೆ ಕೆಲಸ ನಮ್ಮದು.

ನಮ್ಮವರನ್ನೂ ಕೇಳಬೇಕಾಗಿದೆ. ನೌಕರಿ ಹಿಡಿದ ನಮ್ಮ ಅಣ್ಣಂದಿರು ಕೇರಿಯವನ ಅಂಗಡಿ ದಾಟಿ, ಜಾತಿ ಗೊತ್ತಿಲ್ಲದ ಹೋಟೆಲಿನಲ್ಲಿ ಕೂತು ಕುಡಿಯುತ್ತಾರೆ. ಹೊಲೆಯರ ಓಣಿಯವರು ಮಾದಿಗರ ಕೈಯ ಚಹಾ ಕುಡಿಯುತ್ತಾರೆಯೇ? ಎದೆ ಮುಟ್ಟಿಕೊಂಡು ಹೇಳಿ. ನಮ್ಮೊಳಗಿನ ಈ ಲೋಟಗಳನ್ನು ಒಡೆಯದೆ ಊರಿನ ಲೋಟ ಒಡೆಯಲು ಹೋಗುವುದು ನಾಚಿಕೆಗೇಡು.

ಹುಡುಗ ಏನು ಮಾಡಿದ ಎಂದು ಕೇಳುತ್ತೀರಿ. ಅವ್ವನ ಕಿವಿಯ ಬೆಂಡೋಲೆ ಅಡವಿಟ್ಟು ತಳ್ಳುವ ಗಾಡಿ ತಂದ. ಬಸ್ಸು ನಿಲ್ಲುವ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ. ಆ ಸಾಲಿನಲ್ಲಿ ಮೊದಲೇ ಐದು ಗಾಡಿಗಳಿದ್ದವು. ಮೂರನೆಯ ದಿನ ಯಾರೋ ದೂರು ಕೊಟ್ಟರು, ಪಂಚಾಯತಿಯವರು ಬಂದು "ಲೈಸನ್ಸ್ ತೋರ್ಸು" ಅಂದರು. ಆ ಐದರಲ್ಲಿ ಒಬ್ಬರನ್ನೂ ಯಾರೂ ಎಂದೂ ಕೇಳಿರಲಿಲ್ಲ. ಹುಡುಗ ಪ್ಲಾಸ್ಟಿಕ್ ಚೀಲ ಬಿಚ್ಚಿದ. ಉದ್ಯಮ್ ಪತ್ರ, ಆಹಾರ ನೋಂದಣಿ, ಪರವಾನಗಿಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಶುಲ್ಕ ಕಟ್ಟಿದ ರಸೀದಿ ಒಂದೊಂದಾಗಿ ತೆಗೆದಿಟ್ಟ. ಬಂದವರು ನೋಡಿದರು, ತಿರುವಿ ನೋಡಿದರು, ಹೋದರು. ಆ ಕಾಗದ ಅವನಿಗೆ ಒಬ್ಬ ಗಿರಾಕಿಯನ್ನೂ ತರಲಿಲ್ಲ. ಆದರೆ ಗಾಡಿ ಎತ್ತಿಸಲು ಬಂದವರನ್ನು ನಿಲ್ಲಿಸಿತು. ಕಾನೂನು ಎಲ್ಲರಿಗೂ ಒಂದೇ ಎನ್ನುತ್ತಾರೆ. ಆದರೆ ಅದು ಮೊದಲು ಹುಡುಕಿಕೊಂಡು ಬರುವುದು ನಮ್ಮನ್ನೇ. ಆದ್ದರಿಂದ ಊರವರಿಗೆ ಬೇಕಿಲ್ಲದ ಕಾಗದ ನಮಗೆ ಬೇಕು. ಒಂದೂ ಬಿಡದೆ ಮಾಡಿಸಿ, ಮಾಡಿಸಿದ ಪ್ರತಿಯೊಂದಕ್ಕೂ ಸ್ವೀಕೃತಿ ಕೇಳಿ.

ಕೊನೆಗೆ ನಾವು ಕೇಳುವುದು ಇಷ್ಟು. ಪಂಚಾಯತಿ ಮಳಿಗೆ ಕಟ್ಟಿದರೆ ನಮ್ಮ ಪಾಲಿನ ಮಳಿಗೆ ಬಸ್ ನಿಲ್ದಾಣದ ಎದುರು ಇರಲಿ, ಶೌಚಾಲಯದ ಹಿಂದೆ ಬೇಡ. ನಮ್ಮವನ ಹೆಸರಿನಲ್ಲಿ ಹಿಡಿದು ಬೇರೆಯವರು ನಡೆಸುವ ಮಳಿಗೆಗಳ ಪಟ್ಟಿ ಗ್ರಾಮಸಭೆಯಲ್ಲಿ ಓದಿ. ನಿಗಮದ ಸಾಲ ಯಾರಿಗೆ ಸಿಕ್ಕಿತು ಎಂಬ ಪಟ್ಟಿಯನ್ನೂ ಅಲ್ಲೇ ಓದಿ. ಓದದಿದ್ದರೆ 2005ರ ಮಾಹಿತಿ ಹಕ್ಕಿದೆ, ಅರ್ಜಿ ತಡವಾದರೆ 2011ರ ಸಕಾಲ ಕಾಯ್ದೆಯಲ್ಲಿ ಬರುವ ಸೇವೆಗಳಿಗೆ ಮೇಲ್ಮನವಿ ಇದೆ. ಹಾಸ್ಟೆಲ್ಲಿನ ಹುಡುಗರು ಸಂತೆಯ ದಿನ ಒಂದು ಮೇಜು ಹಾಕಿಕೊಂಡು ಕೂತರೆ ಏಜೆಂಟರ ಐನೂರು ನಿಲ್ಲುತ್ತದೆ. ಇದಕ್ಕೆ ದೊಡ್ಡ ಸಂಘಟನೆ ಬೇಡ, ಒಂದು ಮೊಬೈಲು, ಒಂದು ಪೆನ್ನು ಸಾಕು.

ಮತ್ತು ಮಾಸ್ತರೇ, ನಿಮಗೊಂದು ಮಾತು. ಆ ಗಾಡಿ ಇಟ್ಟ ಮೊದಲ ವಾರ ಕೇರಿಯವರು ಬಂದರು, ಗುಳೆ ಹೋಗುವವರು ಬಂದರು, ಬಸ್ಸಿನ ಕಂಡಕ್ಟರು ಬಂದರು, ಪಾತ್ರೆ ಮಾರುವ ಸಾಬರು ಬಂದರು. ಊರಿನವರು ಬರಲಿಲ್ಲ. ಒಂದು ದಿನ ಅದೇ ಊರಿನ ಶಾಲೆಯ ಒಬ್ಬ ಮಾಸ್ತರು, ಮೇಲ್ಜಾತಿಯವರು, ಎಲ್ಲರೂ ನೋಡುತ್ತಿರುವಾಗ ಬೆಂಚಿನ ಮೇಲೆ ಕೂತು ಚಹಾ ಕುಡಿದರು, ಎರಡು ಮಿರ್ಚಿ ತಿಂದರು. ಮರುದಿನ "ಅಲ್ಯಾಕ ಹೋಗಿದ್ರಿ ಸರ?" ಎಂದು ಅವರನ್ನು ಕೇಳಿದವರಿದ್ದರು. "ಮಿರ್ಚಿ ಚೊಲೋ ಇತ್ತು" ಅಂದರಂತೆ. ಮೂರನೆಯ ದಿನ ಅವರ ಇಬ್ಬರು ವಿದ್ಯಾರ್ಥಿಗಳು ಬಂದರು.

ಕ್ರಾಂತಿಯ ಭಾಷಣ ಆಮೇಲೆ ಮಾಡೋಣ. ನಿಮ್ಮೂರಿನಲ್ಲಿ ನಮ್ಮವನ ಅಂಗಡಿ ಎಲ್ಲಿದೆ ಎಂದು ಹುಡುಕಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಇದ್ದರೆ ಹೋಗಿ ಕೂತು, ಎಲ್ಲರ ಎದುರಿಗೆ, ರೊಕ್ಕ ಕೊಟ್ಟು ಒಂದು ಚಹಾ ಕುಡಿಯಿರಿ.